ದೋಣಿಯೇರಿ ಬಂದ ರೋಗ: ವುಡ್ ಬಫಲೊ ಕಾಡಿನ ನೂರು ವರ್ಷ

1925ರ ಬೇಸಿಗೆಯಲ್ಲಿ ಕೆನಡಾದ ಆಲ್ಬರ್ಟಾ ಪ್ರಾಂತದ ವೇನ್‌ರೈಟ್ ಎಂಬಲ್ಲಿ ಬೈಸನ್‌ಗಳನ್ನು ರೈಲಿಗೆ ಹತ್ತಿಸುವ ಕೆಲಸ ಶುರುವಾಯಿತು. ಹೆಚ್ಚಿನವು ಒಂದೆರಡು ವರ್ಷದ ಎಳೆಯ ಪ್ರಾಣಿಗಳು. ಎರಡೂ ಬದಿಗೆ ಮರದ ಬೇಲಿ ಹಾಕಿದ ಇಕ್ಕಟ್ಟಿನ ಓಣಿಯಲ್ಲಿ ಅವನ್ನು ಅಟ್ಟಿ ತಂದು ಡಬ್ಬಿಗಳಿಗೆ ತುಂಬಿದರು. ಉತ್ತರಕ್ಕೆ ಹಳಿ ಮುಗಿಯುವ ವಾಟರ್‌ವೇಸ್‌ನಲ್ಲಿ ಇಳಿಸಿ, ಚಪ್ಪಟೆ ತಳದ ಸರಕು ದೋಣಿಗಳಿಗೆ ಸಾಗಹಾಕಿದರು. ಅಥಬಾಸ್ಕ ನದಿ, ಅದರಾಚೆ ಸ್ಲೇವ್ ನದಿಯಲ್ಲಿ ಸಾಗಿ ಲಾ ಬ್ಯೂಟ್ ಎಂಬ ದಂಡೆಗೆ ಬಂದಾಗ ಹಲಗೆ ಇಳಿಬಿಟ್ಟು ಕಾಡಿಗೆ ಬಿಟ್ಟರು. ಹೀಗೆ ನಾಲ್ಕು ಬೇಸಿಗೆ ನಡೆಯಿತು. 1928ರಲ್ಲಿ ಸಾಗಣೆ ನಿಲ್ಲುವ ಹೊತ್ತಿಗೆ 6,673 ಬೈಸನ್‌ಗಳು ವುಡ್ ಬಫಲೊ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದವು. ಅಳಿವಿನಂಚಿನ ಪ್ರಾಣಿಯ ಸಂಖ್ಯೆ ನಾಲ್ಕೇ ವರ್ಷದಲ್ಲಿ ಇಷ್ಟು ಹೆಚ್ಚಿದ್ದು ಕಾಗದದ ಮೇಲೆ ದೊಡ್ಡ ಗೆಲುವು. ಆದರೆ ಆ ಉದ್ಯಾನದ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಅನಾಹುತ ಇನ್ನೊಂದಿಲ್ಲ. ಅದನ್ನು ತಂದವರು ಕಳ್ಳಬೇಟೆಗಾರರೂ ಅಲ್ಲ, ಮರಗಳ್ಳರೂ ಅಲ್ಲ. ಕಾಯಲೆಂದೇ ನೇಮಕವಾದ ಇಲಾಖೆ. ಅದೂ ತಿಳಿಯದೆ ಮಾಡಿದ್ದಲ್ಲ. ತಲೆ ಎಣಿಕೆ ಏರಿದರೆ ರಕ್ಷಣೆ ಆಯಿತು ಎಂಬ ಲೆಕ್ಕ ಒಮ್ಮೆ ಕಚೇರಿಯೊಳಗೆ ಹೊಕ್ಕರೆ ಎಚ್ಚರಿಕೆಯ ಮಾತು ಯಾರ ಕಿವಿಗೂ ಬೀಳುವುದಿಲ್ಲ. ಈ ನೂರು ವರ್ಷದ ಕಥೆಯನ್ನು ಕೆದಕಿದಷ್ಟೂ ಅದೇ ಕಾಣುತ್ತದೆ.

ಮೊದಲು ಆ ಕಾಡಿನ ಪರಿಚಯವಾಗಬೇಕು. ಆಲ್ಬರ್ಟಾದ ಉತ್ತರ ತುದಿಯಿಂದ ವಾಯವ್ಯ ಪ್ರದೇಶಗಳ ಒಳಗಿನವರೆಗೆ ಹಬ್ಬಿರುವ ಈ ಉದ್ಯಾನದ ವಿಸ್ತೀರ್ಣ 44,000 ಚದರ ಕಿಲೋಮೀಟರಿಗೂ ಹೆಚ್ಚು. ಇಡೀ ಕೇರಳ ರಾಜ್ಯವನ್ನು ಅದರೊಳಗೆ ಇಟ್ಟರೂ ಇನ್ನೂ ಜಾಗ ಮಿಗುತ್ತದೆ. ಸ್ಪ್ರೂಸ್, ಪೈನ್, ಆಸ್ಪೆನ್ ಮರಗಳ ಕಾಡು, ನಡುನಡುವೆ ಜೌಗು, ಸುಣ್ಣಕಲ್ಲು ಕರಗಿ ನೆಲ ಕುಸಿದ ಗುಂಡಿಗಳು, ನೆಲದಿಂದ ಉಪ್ಪು ಒಸರಿ ಬಿಳಿಚಿಕೊಂಡ ಬಯಲುಗಳು. ದಕ್ಷಿಣದಲ್ಲಿ ಪೀಸ್ ಮತ್ತು ಅಥಬಾಸ್ಕ ನದಿಗಳು ಸೇರುವ ಕಡೆ ಸಿಹಿನೀರಿನ ದೊಡ್ಡ ಮುಖಜ ಭೂಮಿ ಇದೆ; ಒಳನಾಡಿನಲ್ಲಿ ಇಷ್ಟು ವಿಶಾಲವಾದದ್ದು ಜಗತ್ತಿನಲ್ಲಿ ಬಹಳ ಇಲ್ಲ. ಇಲ್ಲಿಯದು ಕಾಡು ಬೈಸನ್. ಅಮೆರಿಕದ ಹುಲ್ಲುಗಾವಲಿನ ಬಯಲು ಬೈಸನ್‌ಗಿಂತ ಮೈಕಟ್ಟು ದೊಡ್ಡದು, ಬಣ್ಣ ಕಪ್ಪು. ಬೆನ್ನಿನ ಡುಬ್ಬ ಮುಂಗಾಲಿಗಿಂತ ಮುಂದಕ್ಕೆ ಎದ್ದು ನಿಂತಿರುತ್ತದೆ, ಗಡ್ಡ ಮತ್ತು ಮುಂಗಾಲ ಕೂದಲು ಕಡಿಮೆ. ನಮ್ಮ ಕಾಟಿಗೆ ಇದು ದೂರದ ನೆಂಟ. ಚಳಿಗಾಲದಲ್ಲಿ ಹಿಮ ಮೊಣಕಾಲು ಮುಚ್ಚುವಷ್ಟು ಬಿದ್ದಾಗ ಇದು ಗೊರಸಿನಿಂದ ಕೆದಕುವುದಿಲ್ಲ, ಭಾರವಾದ ತಲೆಯನ್ನೇ ಹಿಮದೊಳಗೆ ಇಳಿಸಿ ಎಡಕ್ಕೂ ಬಲಕ್ಕೂ ಬೀಸಿ ಸರಿಸುತ್ತದೆ. ಮೂತಿಯ ಸುತ್ತ ಹಿಮ ಅಂಟಿಕೊಂಡಿರುವಾಗಲೇ ಕೆಳಗಿನ ಒಣ ಜೊಂಡನ್ನು ಮೇಯುತ್ತದೆ. ಕುತ್ತಿಗೆಯ ಈ ದುಡಿಮೆಗೇ ಆ ಡುಬ್ಬ ಬೇಕು. ಅದರೊಳಗೆ ಇರುವುದು ಬೆನ್ನುಮೂಳೆಯ ಉದ್ದನೆಯ ಮುಳ್ಳುಗಳೂ ಅವಕ್ಕೆ ಹತ್ತಿದ ಸ್ನಾಯುಗಳೂ.

ಹತ್ತೊಂಬತ್ತನೆಯ ಶತಮಾನದಲ್ಲಿ ಬಯಲು ಬೈಸನ್‌ಗಳ ಕೋಟಿಗಟ್ಟಲೆ ಹಿಂಡನ್ನು ಚರ್ಮಕ್ಕಾಗಿ ಕೊಂದು ಮುಗಿಸಿದ ಕಥೆ ಎಲ್ಲರಿಗೂ ಗೊತ್ತು. ಉತ್ತರದ ಕಾಡು ಬೈಸನ್ ಅಷ್ಟು ಸುಲಭವಾಗಿ ಕೈಗೆ ಸಿಗಲಿಲ್ಲವಾದರೂ, ತುಪ್ಪಳ ವ್ಯಾಪಾರದ ದೋಣಿಗಳಿಗೂ ಕೋಟೆಗಳಿಗೂ ಮಾಂಸ ಒದಗಿಸುವ ಬೇಟೆಯಲ್ಲಿ ಅದೂ ಸೊರಗಿತು. 1890ರ ದಶಕದಲ್ಲಿ ಉಳಿದದ್ದು ಮುನ್ನೂರರ ಆಸುಪಾಸು ಎಂದು ಅಂದಾಜು. 1894ರಲ್ಲಿ ಕೆನಡಾ ಸರಕಾರ ಅದರ ಬೇಟೆ ನಿಷೇಧಿಸುವ ಕಾನೂನು ತಂದಿತು, ಕುದುರೆ ಪೊಲೀಸರು ಗಸ್ತು ಹಾಕಿದರು, 1911ರ ಹೊತ್ತಿಗೆ ಬೈಸನ್ ಕಾಯಲೆಂದೇ ಕಾವಲುಗಾರರು ಬಂದರು. 1922ರ ಡಿಸೆಂಬರಿನಲ್ಲಿ ಉದ್ಯಾನ ಘೋಷಣೆಯಾದಾಗ ಸಂಖ್ಯೆ 1,500ರಿಂದ 2,000 ಎಂದು ಲೆಕ್ಕ ಹಾಕಿದ್ದರು. ಈ ಅಂಕಿಗಳು ಅಂದಾಜಿನವು, ನಿಜ; ಹೆಚ್ಚುಕಡಿಮೆ ಇದ್ದೀತು. ಆದರೆ ಅವು ಹೇಳುವ ದಿಕ್ಕಿನ ಬಗ್ಗೆ ಅನುಮಾನವಿಲ್ಲ. ಹೊರಗಿನಿಂದ ಒಂದು ಕರುವನ್ನೂ ತಾರದೆ, ಬರೀ ಕೊಲ್ಲುವುದನ್ನು ತಡೆದದ್ದರಿಂದಲೇ ಮೂರು ದಶಕಗಳಲ್ಲಿ ಹಿಂಡು ಹಲವು ಪಟ್ಟು ಬೆಳೆದಿತ್ತು. ಆ ನೆಲದಲ್ಲಿ ಬಾಳುತ್ತಿದ್ದ ಕ್ರೀ ಮತ್ತು ಡೆನೆ ಜನ ತಮ್ಮ ಊಟದ ಪ್ರಾಣಿಯೊಂದನ್ನು ಬಿಟ್ಟುಕೊಟ್ಟ ಪಾಲೂ ಇದರಲ್ಲಿದೆ. ಅದನ್ನು ಆಗಿನ ದಾಖಲೆಗಳು ಜಮೆಗೆ ಹಾಕಿಕೊಳ್ಳಲಿಲ್ಲ.

ಹೀಗೆ ಚೇತರಿಸುತ್ತಿದ್ದ ಹಿಂಡಿಗೆ ಆರೂವರೆ ಸಾವಿರ ಹೊಸ ಪ್ರಾಣಿಗಳು ಏಕೆ ಬೇಕಾದವು? ಬೇಕಾಗಿರಲಿಲ್ಲ. ಬೇಕಾದದ್ದು ವೇನ್‌ರೈಟ್‌ನ ಉದ್ಯಾನಕ್ಕೆ ಒಂದು ದಾರಿ. 1907ರಿಂದ ಕೆಲವು ವರ್ಷ ಕೆನಡಾ ಸರಕಾರ ಮೊಂಟಾನಾದ ಮಿಶೆಲ್ ಪಾಬ್ಲೊ ಎಂಬ ದನಗಾರನಿಂದ 700ಕ್ಕೂ ಹೆಚ್ಚು ಬಯಲು ಬೈಸನ್‌ಗಳನ್ನು ಕೊಂಡು ತಂದಿತ್ತು. ಅವನ್ನು ಸಾಕಲೆಂದು ವೇನ್‌ರೈಟ್ ಬಳಿ ಬೇಲಿ ಹಾಕಿ ಬಫಲೊ ರಾಷ್ಟ್ರೀಯ ಉದ್ಯಾನ ಮಾಡಿದರು. ಬೇಲಿಯೊಳಗೆ ಹಿಂಡು ಸಾವಿರಗಟ್ಟಲೆ ಬೆಳೆಯಿತು, ಹುಲ್ಲು ಸಾಲದಾಯಿತು. ಬೈಸನ್‌ಗೂ ದನಕ್ಕೂ ತಳಿಕೂಡಿಸುವ ಪ್ರಯೋಗವೂ ಅಲ್ಲೇ ನಡೆಯುತ್ತಿತ್ತು. ಹಿಂಡಿಗೆ ಕ್ಷಯ ಅಂಟಿತ್ತು. 1920ರ ದಶಕದ ಆರಂಭದಲ್ಲಿ ಕೆಲವನ್ನು ಕಡಿದು ನೋಡಿದಾಗ ಅದು ಎಷ್ಟು ಹರಡಿದೆ ಎಂಬುದೂ ಗೊತ್ತಾಯಿತು. ಹೆಚ್ಚಾದವನ್ನು ಕೊಲ್ಲಬೇಕು ಎಂಬುದು ಒಂದು ದಾರಿ. ಆದರೆ ರಾಷ್ಟ್ರದ ಹೆಮ್ಮೆ ಎಂದು ಹಣ ಕೊಟ್ಟು ತಂದ ಪ್ರಾಣಿಯನ್ನು ಸರಕಾರವೇ ಕಡಿಯುವುದೆಂದರೆ ಜನ ಸುಮ್ಮನಿರಲಿಲ್ಲ. ಆಗ ಉದ್ಯಾನ ಇಲಾಖೆಯ ಮ್ಯಾಕ್ಸ್‌ವೆಲ್ ಗ್ರಹಾಂ ಮುಂದಿಟ್ಟ ಉಪಾಯ ಎಲ್ಲರಿಗೂ ಹಿತವಾಗಿ ಕಂಡಿತು. ಎಳೆಯ ಪ್ರಾಣಿಗಳನ್ನು ಉತ್ತರದ ವಿಶಾಲ ಕಾಡಿಗೆ ಕಳಿಸಿದರೆ ಇಲ್ಲಿ ಜಾಗ ಖಾಲಿಯಾಗುತ್ತದೆ, ಅಲ್ಲಿ ಸಂಖ್ಯೆ ಏರುತ್ತದೆ, ಯಾರ ಕೈಗೂ ರಕ್ತ ಹತ್ತುವುದಿಲ್ಲ. ಒಂದು ಕಚೇರಿಯ ಹೊರೆ ಇನ್ನೊಂದು ಕಾಡಿಗೆ ಉಡುಗೊರೆಯಾಗಿ ಹೊರಟಿತು.

ಆ ಕಾಲದಲ್ಲಿ ರೋಗದ ಬಗ್ಗೆ, ತಳಿಯ ಬಗ್ಗೆ ಅಷ್ಟೆಲ್ಲ ತಿಳಿದಿರಲಿಲ್ಲ, ಇವತ್ತಿನ ಜ್ಞಾನ ಹಿಡಿದು ನಿನ್ನೆಯವರನ್ನು ತೂಗಬಾರದು ಎಂದು ಯಾರಾದರೂ ಆಕ್ಷೇಪಿಸಬಹುದು. ಸಾಮಾನ್ಯವಾಗಿ ಇದು ನ್ಯಾಯವಾದ ಮಾತು. ಇಲ್ಲಿ ಮಾತ್ರ ನಿಲ್ಲುವುದಿಲ್ಲ. ಗ್ರಹಾಂ ತಮ್ಮ ಯೋಜನೆಯನ್ನು 1924ರಲ್ಲಿ ಕೆನಡಾದ ನಿಸರ್ಗ ಪತ್ರಿಕೆಯಲ್ಲಿ ವಿವರಿಸಿದ ಕೂಡಲೇ ಅದೇ ಪತ್ರಿಕೆಯಲ್ಲಿ ವಿರೋಧದ ಪತ್ರಗಳು ಬಂದವು. ಒಂಟಾರಿಯೊದ ಡಬ್ಲ್ಯು. ಇ. ಸಾಂಡರ್ಸ್, ಉತ್ತರದ ಆ ಸೀಮೆಯನ್ನು ಕಣ್ಣಾರೆ ಕಂಡಿದ್ದ ಪ್ರಾಣಿಶಾಸ್ತ್ರಜ್ಞ ಫ್ರಾನ್ಸಿಸ್ ಹಾರ್ಪರ್ ಮೊದಲಾದವರು ಎರಡು ಮಾತು ಎತ್ತಿದರು: ಬಯಲಿನ ಹಿಂಡಿನ ಕ್ಷಯ ಕಾಡಿನ ಹಿಂಡಿಗೆ ಹತ್ತುತ್ತದೆ, ಎರಡೂ ಬೆರೆತು ಕಾಡು ಬೈಸನ್ ತಳಿಯೇ ಕಲಸಿಹೋಗುತ್ತದೆ. ಅಮೆರಿಕದ ಸಸ್ತನಿಶಾಸ್ತ್ರಜ್ಞರ ಸಂಘವೂ ವಿರೋಧಿಸಿತು. ಪ್ರತಿ ಪ್ರಾಣಿಗೂ ಕ್ಷಯ ಪರೀಕ್ಷೆ ಮಾಡಿ ಆರಿಸಿ ಕಳಿಸುವ ವಿಚಾರವೂ ಇಲಾಖೆಯೊಳಗೆ ಇತ್ತು. ಅದನ್ನು ಕೈಬಿಟ್ಟರು, ಎಳೆಯವಕ್ಕೆ ರೋಗ ಅಂಟಿರಲಾರದು ಎಂಬ ನಂಬಿಕೆ ಪರೀಕ್ಷೆಯ ಜಾಗಕ್ಕೆ ಬಂತು. ಹಳೆಯ ಹಿಂಡು ಬೇರೆ ಕಡೆ ಮೇಯುತ್ತದೆ, ಹೊಸದು ಅದನ್ನು ಸೇರುವುದಿಲ್ಲ ಎಂಬುದು ಇನ್ನೊಂದು ನಂಬಿಕೆ. ಬೇಲಿಯಿಲ್ಲದ ಕಾಡಿನಲ್ಲಿ, ಬೆದೆಯ ಕಾಲಕ್ಕೆ ಮೈಲುಗಟ್ಟಲೆ ನಡೆಯುವ ಗೂಳಿಗಳಿರುವಲ್ಲಿ, ಇಂಥ ಮಾತನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ್ದು ಆಶ್ಚರ್ಯವೇ. ಎರಡು ನಂಬಿಕೆಗಳೂ ಸುಳ್ಳಾಗಲು ಹೆಚ್ಚು ಕಾಲ ಹಿಡಿಯಲಿಲ್ಲ.

ಹತ್ತು ವರ್ಷದೊಳಗೆ ಸಂಖ್ಯೆ 12,000 ಮುಟ್ಟಿತೆಂದು ಅಂದಾಜು ಬಂತು. ಯೋಜನೆ ಫಲಿಸಿತು ಎನ್ನುವವರಿಗೆ ಇದು ಪುರಾವೆ. ಆದರೆ 1930ರ ದಶಕದಲ್ಲೇ ಉದ್ಯಾನದ ಬೈಸನ್‌ಗಳಲ್ಲಿ ಕ್ಷಯ ದಾಖಲಾಯಿತು, 1950ರ ದಶಕದಲ್ಲಿ ಬ್ರುಸೆಲ್ಲೋಸಿಸ್ ಪತ್ತೆಯಾಯಿತು. ದನ ಸಾಕಿದವರಿಗೆ ಈ ಎರಡನೆಯದರ ಪೆಟ್ಟು ಗೊತ್ತು: ಗಬ್ಬದ ಹಸು ಕಂದು ಹಾಕುತ್ತದೆ, ಬಿದ್ದ ಕಂದು ಮತ್ತು ಸತ್ತೆಯಿಂದ ಮೇವಿಗೂ ನೆಲಕ್ಕೂ ರೋಗ ಹರಡುತ್ತದೆ, ಅದನ್ನು ಮೂಸಿದ ನೆಕ್ಕಿದ ಹಸುಗಳಿಗೆ ಅಂಟುತ್ತದೆ. ಗೂಳಿಗಳ ಕೀಲು ಬಾತು ಕುಂಟು ಬರುತ್ತದೆ. ಕ್ಷಯ ಒಳಗೊಳಗೇ ಶ್ವಾಸಕೋಶವನ್ನು ತಿನ್ನುತ್ತಾ ವರ್ಷಗಟ್ಟಲೆ ಎಳೆಯುತ್ತದೆ. ಕೊಟ್ಟಿಗೆಯ ದನವಾದರೆ ಪರೀಕ್ಷೆ ಮಾಡಿ ಬೇರೆ ಕಟ್ಟಬಹುದು. ನಲವತ್ತು ಸಾವಿರ ಚದರ ಕಿಲೋಮೀಟರಿನ ಕಾಡಿನಲ್ಲಿ ಯಾವುದನ್ನು ಎಲ್ಲಿ ಕಟ್ಟುವುದು? 1990ರ ದಶಕದ ಕೊನೆಯಲ್ಲಿ ನಡೆಸಿದ ಪರೀಕ್ಷೆಯಲ್ಲಿ ಸುಮಾರು ಅರ್ಧದಷ್ಟು ಪ್ರಾಣಿಗಳಿಗೆ ಕ್ಷಯದ, ಮೂರರಲ್ಲೊಂದಕ್ಕೆ ಬ್ರುಸೆಲ್ಲೋಸಿಸ್‌ನ ಗುರುತು ಸಿಕ್ಕಿತು. 1971ರಲ್ಲಿ 11,000ದಷ್ಟಿದ್ದ ಹಿಂಡು ಆ ಹೊತ್ತಿಗೆ 2,300ರ ಮಟ್ಟಕ್ಕೆ ಇಳಿದಿತ್ತು. ಈ ಇಳಿತಕ್ಕೆ ರೋಗವೊಂದೇ ಕಾರಣ ಎನ್ನಲಾಗದು. 1974ರ ಪ್ರವಾಹದಲ್ಲಿ ಸಾವಿರಾರು ಬೈಸನ್‌ಗಳು ಮುಳುಗಿ ಸತ್ತವು, ತೋಳಗಳ ಬೇಟೆ ಇತ್ತು, ಮೇವಿನ ನೆಲ ಒಣಗುತ್ತಿತ್ತು. ಆದರೆ ರೋಗದಿಂದ ಬಡವಾದ ಹಿಂಡು ತೋಳದ ಮುಂದೆ ನಿಲ್ಲುವುದು ಕಷ್ಟ, ಕಳೆದುಕೊಂಡದ್ದನ್ನು ಕರು ಹಾಕಿ ತುಂಬಿಕೊಳ್ಳುವುದು ಇನ್ನೂ ಕಷ್ಟ.

ಸಾಕಿದ ದನದಿಂದ ಕಾಡಿನ ಪ್ರಾಣಿಗೆ ರೋಗ ದಾಟಿದರೆ ಏನಾಗುತ್ತದೆ ಎಂಬುದನ್ನು ಕರ್ನಾಟಕವೂ ಕಂಡಿದೆ. 1968ರಲ್ಲಿ ರಿಂಡರ್‌ಪೆಸ್ಟ್, ಹಳ್ಳಿಗರ ಬಾಯಲ್ಲಿ ದೊಡ್ಡರೋಗ, ಬಂಡೀಪುರ–ಮುದುಮಲೆ ಕಾಡಿನ ಕಾಟಿಗಳನ್ನು ಬಹುಪಾಲು ಒರೆಸಿಹಾಕಿತು. ಅದಕ್ಕೆ ಲಸಿಕೆ ಇತ್ತು. ಊರ ದನಗಳಿಗೆ ಪಟ್ಟುಬಿಡದೆ ಲಸಿಕೆ ಹಾಕಿದ್ದರಿಂದ ರೋಗವೇ ನಿರ್ಮೂಲವಾಯಿತು, ಕಾಟಿಯೂ ಮರಳಿತು. ವುಡ್ ಬಫಲೊದಲ್ಲಿ ಆ ಅನುಕೂಲವಿಲ್ಲ. ಕೆನಡಾದ ದನಗಳಲ್ಲಿ ಎರಡೂ ರೋಗ ಹತೋಟಿಗೆ ಬಂದಮೇಲೂ ಕಾಡಿನ ಹಿಂಡಿನಲ್ಲಿ ಉಳಿದುಬಿಟ್ಟವು. ಹಿಂದೆ ದನ ಬೈಸನ್‌ಗೆ ಕೊಟ್ಟ ರೋಗ ಈಗ ಬೈಸನ್‌ನಿಂದ ದನಕ್ಕೆ ಮರಳೀತು ಎಂಬ ಭಯ ದನಗಾರರಿಗೆ. 1950ರ ದಶಕದ ಆರಂಭದಿಂದ 1967ರವರೆಗೆ ಉದ್ಯಾನದೊಳಗೇ ಕಸಾಯಿಖಾನೆ ನಡೆಸಿ ಸುಮಾರು 4,000 ಬೈಸನ್‌ಗಳನ್ನು ಕಡಿದು ಮಾಂಸ ಮಾರಿದರು, ರೋಗ ಕಡಿಮೆಯಾಗಲಿಲ್ಲ. 1990ರಲ್ಲಿ ಕೇಂದ್ರ ಸರಕಾರ ನೇಮಿಸಿದ ಸಮಿತಿ ರೋಗವಿರುವ ಇಡೀ ಹಿಂಡನ್ನು ತೆಗೆದು ಆರೋಗ್ಯವಂತ ಪ್ರಾಣಿಗಳನ್ನು ತಂದು ಬಿಡಬೇಕೆಂದಿತು. ಸ್ಥಳೀಯ ಜನರೂ ನಿಸರ್ಗಪ್ರಿಯರೂ ಒಟ್ಟಾಗಿ ವಿರೋಧಿಸಿದರು, ಶಿಫಾರಸು ಕಡತದಲ್ಲೇ ಉಳಿಯಿತು. ಅವರ ವಿರೋಧ ಸರಿಯಾಗಿತ್ತು ಎಂದೇ ನನ್ನ ಅಭಿಪ್ರಾಯ. ಅಷ್ಟು ದೊಡ್ಡ ಕಾಡಿನಲ್ಲಿ ಕೊನೆಯ ಪ್ರಾಣಿಯವರೆಗೆ ಹುಡುಕಿ ಕೊಲ್ಲುವುದು ಆಗದ ಮಾತು. ಹತ್ತು ಉಳಿದರೂ ರೋಗ ಉಳಿಯುತ್ತದೆ, ನೂರಾರು ವರ್ಷ ಆ ನೆಲವನ್ನು ಬಲ್ಲ ಹಿಂಡು ಮಾತ್ರ ಹೋಗುತ್ತದೆ.

ಇನ್ನೊಂದು ಆಕ್ಷೇಪ ಬಲವಾದದ್ದು, ವಿಜ್ಞಾನಿಗಳಿಂದಲೇ ಬಂದದ್ದು. ಕಾಡು ಬೈಸನ್ ಮತ್ತು ಬಯಲು ಬೈಸನ್ ನಿಜಕ್ಕೂ ಬೇರೆ ಉಪಜಾತಿಗಳೇ? ಇವೆಲ್ಲ ನೆಲ, ಮೇವು, ಹವೆಗೆ ತಕ್ಕ ವ್ಯತ್ಯಾಸ ಎನ್ನುವವರಿದ್ದಾರೆ. ಹಾಗಾದರೆ ಬೆರೆತದ್ದರಲ್ಲಿ ಕಳೆದುಕೊಂಡದ್ದೇನು? 1957ರಲ್ಲಿ ನಡೆದದ್ದು ಈ ಪ್ರಶ್ನೆಗೆ ಸ್ವಲ್ಪ ಉತ್ತರ ಕೊಡುತ್ತದೆ. ಶುದ್ಧ ಕಾಡು ಬೈಸನ್ ಮುಗಿದೇಹೋಯಿತು ಎಂದು ಎಲ್ಲರೂ ಕೈಬಿಟ್ಟಿದ್ದಾಗ, ವಿಮಾನದಿಂದ ಸಮೀಕ್ಷೆ ನಡೆಸುತ್ತಿದ್ದವರಿಗೆ ಉದ್ಯಾನದ ವಾಯವ್ಯ ಮೂಲೆಯ ನ್ಯಾರ್ಲಿಂಗ್ ನದಿಯ ಬಳಿ ಸುಮಾರು ಇನ್ನೂರರ ಒಂಟಿ ಹಿಂಡು ಕಂಡಿತು. ಜೌಗು ಮತ್ತು ದೂರ ಅದನ್ನು ಕಾಪಾಡಿದ್ದವು. 1962ರಲ್ಲಿ ಸ್ಲೇವ್ ನದಿಯ ಸೀಮೆಗೆ ಆಂಥ್ರಾಕ್ಸ್ ಬಂದಾಗ ಗಾಬರಿಯಾಗಿ, ಮರುವರ್ಷ 18 ಪ್ರಾಣಿಗಳನ್ನು ಉತ್ತರಕ್ಕೆ, ಮೆಕೆಂಜಿ ನದಿಯಾಚೆಗೆ ಒಯ್ದು ಬಿಟ್ಟರು. 1965ರಲ್ಲಿ ಇನ್ನಷ್ಟನ್ನು ಎಡ್ಮಂಟನ್ ಬಳಿಯ ಎಲ್ಕ್ ಐಲೆಂಡ್ ಉದ್ಯಾನಕ್ಕೆ ತಂದರು. ಅವುಗಳಲ್ಲೂ ಕ್ಷಯ ಕಂಡಿತು. ಆಗ ಹುಟ್ಟಿದ ಕರುಗಳನ್ನು ತಾಯಿಯಿಂದ ಬೇರ್ಪಡಿಸಿ ಸಾಕಿ, ಮತ್ತೆ ಮತ್ತೆ ಪರೀಕ್ಷಿಸಿ, ವರ್ಷಗಳ ನಂತರ ರೋಗವಿಲ್ಲದ ಹಿಂಡು ಕಟ್ಟಿದರು. ಮುಂದೆ ವಂಶವಾಹಿ ಪರೀಕ್ಷೆಯಲ್ಲಿ ಈ ಹಿಂಡೂ ಪೂರ್ತಿ ಶುದ್ಧವಲ್ಲ, ಆದರೂ ಬಯಲು ಬೈಸನ್‌ನಿಂದ ಸ್ಪಷ್ಟವಾಗಿ ಬೇರೆ ಎಂದು ತಿಳಿಯಿತು. ಉಪಜಾತಿಯ ಚರ್ಚೆ ಏನೇ ತೀರ್ಮಾನವಾಗಲಿ, ಕ್ಷಯದ ಬಗ್ಗೆ ಚರ್ಚೆಯೇ ಇಲ್ಲ. 1925ರಲ್ಲಿ ಕೈಬಿಟ್ಟ ಪರೀಕ್ಷೆಯನ್ನು ನಲವತ್ತು ವರ್ಷದ ನಂತರ, ಬೆರಳೆಣಿಕೆಯ ಪ್ರಾಣಿಗಳ ಮೇಲೆ, ಹತ್ತು ಪಟ್ಟು ಕಷ್ಟದಿಂದ ಮಾಡಬೇಕಾಯಿತು.

ದೋಣಿಯೇರಿ ಬಂದ ಹಿಂಡಿನ ಭಾರ ಮನುಷ್ಯರ ಮೇಲೂ ಬಿತ್ತು. ಹೊಸ ಬೈಸನ್‌ಗಳು ಇಲಾಖೆ ತೋರಿಸಿದ ಜಾಗದಲ್ಲಿ ನಿಲ್ಲದೆ ಪೀಸ್ ನದಿ ದಾಟಿ ದಕ್ಷಿಣಕ್ಕೆ ಮೇಯುತ್ತಾ ಹೋದವು. 1926ರಲ್ಲಿ ಉದ್ಯಾನದ ಗಡಿಯೇ ಅವುಗಳ ಹಿಂದೆ ಹೋಯಿತು. ಮುಖಜ ಭೂಮಿಯ ಆ ಸೀಮೆ ಕ್ರೀ, ಡೆನೆ ಮತ್ತು ಮೇಟಿ ಜನರ ಬೇಟೆಯ, ಮೀನಿನ, ತುಪ್ಪಳದ ನೆಲ. 1899ರ ಎಂಟನೆಯ ಒಪ್ಪಂದದಲ್ಲಿ ಬೇಟೆಯಾಡಿ ಬದುಕುವ ಹಕ್ಕು ಉಳಿಯುತ್ತದೆ ಎಂದು ಸರಕಾರ ಅವರಿಗೆ ಮಾತು ಕೊಟ್ಟಿತ್ತು. ಈಗ ಒಳಗೆ ಬಲೆ ಹಾಕಲು ಪರವಾನಗಿ ಬೇಕಾಯಿತು, ಹಲವರಿಗೆ ಅದು ಸಿಗಲಿಲ್ಲ. ಬೈಸನ್ ಕೊಂದವನಿಗೆ ಜೈಲು, ಮೇಲೆ ಉದ್ಯಾನದಿಂದ ಹೊರದಬ್ಬುವ ಶಿಕ್ಷೆ. ಕುಟುಂಬದೊಳಗೇ ಒಬ್ಬನಿಗೆ ಪ್ರವೇಶ, ಇನ್ನೊಬ್ಬನಿಗೆ ಇಲ್ಲ ಎಂಬ ಸ್ಥಿತಿ ಬಂತು. ಕಾವಲಿಲ್ಲದಿದ್ದರೆ ಜನ ಬೈಸನ್‌ಗಳನ್ನು ಮುಗಿಸಿಬಿಡುತ್ತಿದ್ದರಲ್ಲವೇ ಎಂದು ಕೇಳಬಹುದು. ಬಂದೂಕು, ವ್ಯಾಪಾರ, ಹಸಿವು ಮೂರೂ ಸೇರಿದ ಕಡೆ ಅಂಥ ಅಪಾಯ ಇತ್ತು, ನಿಷೇಧ ಬೇಕಿತ್ತು. ಆದರೆ ಹಸಿದ ಮನೆಗೆ ಒಂದು ಬೈಸನ್ ಹೊಡೆದವನನ್ನು ಕಾಡಿನ ವೈರಿ ಎಂದು ಹೊರಹಾಕಿದ ಅದೇ ವರ್ಷಗಳಲ್ಲಿ ಸರಕಾರ ತಾನೇ ಕ್ಷಯವನ್ನು ದೋಣಿ ತುಂಬ ತಂದು ಇಳಿಸುತ್ತಿತ್ತು. ಎರಡರಲ್ಲಿ ಯಾವುದು ಹಿಂಡಿಗೆ ಹೆಚ್ಚು ಕೇಡು ಮಾಡಿತು ಎಂಬುದಕ್ಕೆ ಇವತ್ತಿನ ರಕ್ತ ಪರೀಕ್ಷೆಗಳೇ ಸಾಕ್ಷಿ.

ಹಾಗೆಂದು ಉದ್ಯಾನವೇ ತಪ್ಪು ಎನ್ನಲಾಗದು. ವೂಪಿಂಗ್ ಕ್ರೇನ್ ಎಂಬ ಬಿಳಿ ಹಕ್ಕಿಯ ಕಥೆ ಅದಕ್ಕೆ ಅಡ್ಡ ಬರುತ್ತದೆ. ಆಳೆತ್ತರದ ಹಕ್ಕಿ, ರೆಕ್ಕೆಯ ತುದಿ ಕಪ್ಪು, ನೆತ್ತಿ ಕೆಂಪು. 1940ರ ದಶಕದ ಆರಂಭದಲ್ಲಿ ಜಗತ್ತಿನಲ್ಲಿ ಉಳಿದಿದ್ದದ್ದು ಇಪ್ಪತ್ತರ ಆಸುಪಾಸು. ಚಳಿಗಾಲಕ್ಕೆ ಟೆಕ್ಸಸ್‌ನ ಅರಾನ್ಸಸ್ ಕರಾವಳಿಗೆ ಬರುತ್ತಿದ್ದವು, ಬೇಸಿಗೆಯಲ್ಲಿ ಎಲ್ಲಿ ಗೂಡು ಕಟ್ಟುತ್ತವೆ ಎಂಬುದು ಯಾವ ಪಕ್ಷಿತಜ್ಞನಿಗೂ ಗೊತ್ತಿರಲಿಲ್ಲ. 1954ರ ಜೂನ್ 30ರಂದು ವುಡ್ ಬಫಲೊದ ಕಾಡ್ಗಿಚ್ಚು ನೋಡಿ ಹೆಲಿಕಾಪ್ಟರಿನಲ್ಲಿ ಮರಳುತ್ತಿದ್ದವರಿಗೆ ಸಾಸ್ ನದಿಯ ಬಳಿ, ಆಳವಿಲ್ಲದ ಕೊಳಗಳ ಜೌಗಿನಲ್ಲಿ, ಮರಿಯೊಂದಿಗೆ ಅವು ಕಂಡವು. ಉದ್ಯಾನ ಮಾಡಿದವರ ಮನಸ್ಸಿನಲ್ಲಿ ಆ ಹಕ್ಕಿ ಇರಲೇ ಇಲ್ಲ. ಯಾರೂ ಕೈಹಾಕದೆ ಬಿಟ್ಟ ಮೂಲೆಯಲ್ಲಿ ಅದು ಬದುಕಿಕೊಂಡಿತ್ತು. 1967ರಿಂದ ಅಲ್ಲೂ ಮನುಷ್ಯ ಕೈಹಾಕಿದ, ಅದನ್ನು ಮರೆಮಾಚುವುದು ಬೇಡ. ಆದರೆ ಹೇಗೆ ಹಾಕಿದ ಎಂಬುದು ಮುಖ್ಯ. ಈ ಹಕ್ಕಿ ಸಾಮಾನ್ಯವಾಗಿ ಎರಡು ಮೊಟ್ಟೆ ಇಟ್ಟು ಒಂದೇ ಮರಿ ಬೆಳೆಸುತ್ತದೆ ಎಂದು ಕಂಡುಕೊಂಡ ಮೇಲೆ, ಗೂಡಿನಿಂದ ಒಂದು ಮೊಟ್ಟೆಯನ್ನಷ್ಟೇ ತೆಗೆದು ಬೇರೆಡೆ ಮರಿಮಾಡಿದರು, ಇನ್ನೊಂದನ್ನು ಗೂಡಿಗೇ ಬಿಟ್ಟರು. ಕಾಡಿನೊಳಗೆ ಏನನ್ನೂ ತಂದು ತುಂಬಲಿಲ್ಲ. ಪ್ರಯೋಗ ಸೋತಿದ್ದರೂ ಗೂಡಿನ ಹಕ್ಕಿಗೆ ನಷ್ಟ ಹೆಚ್ಚಿರುತ್ತಿರಲಿಲ್ಲ. ಆ ವಲಸೆ ಹಕ್ಕಿಗಳ ಸಂಖ್ಯೆ ಇವತ್ತು 500 ದಾಟಿದೆ. ಸೋತರೆ ಹಿಂದೆ ಸರಿಯಲು ದಾರಿ ಇರುವ ಕೆಲಸ ಅದು. 1925ರದ್ದು ಹಾಗಿರಲಿಲ್ಲ.

1968ರಲ್ಲಿ ಬ್ರಿಟಿಷ್ ಕೊಲಂಬಿಯಾದಲ್ಲಿ ಪೀಸ್ ನದಿಗೆ ಬೆನೆಟ್ ಅಣೆಕಟ್ಟು ಬಂದಾಗಲೂ ಎಣಿಕೆಯ ಮೇಲಿನ ನಂಬಿಕೆಯ ಮಿತಿ ಬಯಲಾಯಿತು. ಉದ್ಯಾನದ ಗಡಿಯೊಳಗಿನ ಪ್ರಾಣಿಗಳನ್ನು ಎಣಿಸುತ್ತಿದ್ದವರ ಕೈಯಲ್ಲಿ ಗಡಿಯ ಹೊರಗಿನಿಂದ ಬರುವ ನೀರು ಇರಲಿಲ್ಲ. ವಸಂತದಲ್ಲಿ ಹಿಮಗಡ್ಡೆ ಕಟ್ಟಿಕೊಂಡು ಉಕ್ಕಿ ಮುಖಜ ಭೂಮಿಯ ಕೊಳಗಳನ್ನು ತುಂಬಿಸುತ್ತಿದ್ದ ನೆರೆ ಅಪರೂಪವಾಯಿತು, ಜೊಂಡಿನ ಬಯಲಿಗೆ ವಿಲ್ಲೋ ಪೊದೆ ನುಗ್ಗಿತು. 1983ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಕಾಡು ಅಪಾಯದಲ್ಲಿದೆ ಎಂದು 2014ರಲ್ಲಿ ಯುನೆಸ್ಕೊಗೆ ಅರ್ಜಿ ಕೊಟ್ಟವರು ಮಿಕಿಸ್ಯು ಕ್ರೀ ಜನ. ಗಡಿ ವಿಸ್ತರಿಸಿ ಯಾರ ನೆಲದ ಮೇಲೆ ಪರವಾನಗಿ ಹೇರಿದ್ದರೋ ಅವರೇ ಇವತ್ತು ಅದರ ಕಾವಲಿಗೆ ನಿಂತಿದ್ದಾರೆ.

ವೇನ್‌ರೈಟ್‌ನ ಉದ್ಯಾನ ಈಗ ಇಲ್ಲ. 1939–40ರಲ್ಲಿ ಅಲ್ಲಿನ ಬೈಸನ್‌ಗಳನ್ನು ಕೊಂದು ಮುಗಿಸಿ ಜಾಗವನ್ನು ಸೇನೆಗೆ ಕೊಟ್ಟರು. ಯಾವ ಕೊಲೆಯನ್ನು ತಪ್ಪಿಸಲೆಂದು ಉತ್ತರಕ್ಕೆ ದೋಣಿ ಹೊರಟಿತೋ ಅದು ಹದಿನಾಲ್ಕು ವರ್ಷ ತಡವಾಗಿ ನಡೆದೇ ನಡೆಯಿತು. ಎಲ್ಕ್ ಐಲೆಂಡ್‌ನಲ್ಲಿ ಪರೀಕ್ಷಿಸಿ ಬೆಳೆಸಿದ ಹಿಂಡಿನ ಸಂತಾನವನ್ನು 2006ರಲ್ಲಿ ರಷ್ಯಾದ ಯಾಕುತಿಯಾಕ್ಕೂ, ಮುಂದೆ ಅಲಾಸ್ಕಾಕ್ಕೂ ಕಳಿಸಿದ್ದಾರೆ. ತನ್ನ ಹೆಸರಿನ ಉದ್ಯಾನದಲ್ಲಿ ಉಳಿದ ಹಿಂಡು ಮಾತ್ರ ರೋಗದೊಂದಿಗೇ ಬಾಳುತ್ತಿದೆ. ಅದಕ್ಕೂ ಮೆಕೆಂಜಿಯ ಆರೋಗ್ಯವಂತ ಹಿಂಡಿಗೂ ನಡುವೆ ವಾಯವ್ಯ ಪ್ರದೇಶಗಳ ಸರಕಾರ 1987ರಲ್ಲಿ ಒಂದು ನಿಯಂತ್ರಣ ವಲಯ ಗೊತ್ತುಮಾಡಿತು. ಮೇವು ಹುಡುಕುತ್ತಾ ಉದ್ಯಾನ ಬಿಟ್ಟು ಆ ವಲಯಕ್ಕೆ ಕಾಲಿಟ್ಟ ಬೈಸನ್‌ನನ್ನು, ರೋಗವಿರಲಿ ಇಲ್ಲದಿರಲಿ, ಕಂಡಲ್ಲಿ ಗುಂಡಿಕ್ಕಬೇಕು ಎಂಬುದು ನಿಯಮ.